ತೊಂಬತ್ತು

ನಮ್ಮ ಪೊತ್ಸುವೋಲಿಯಲ್ಲಿ ಭಯಕ್ಕೊಂದು ನಂಬರಿದೆ:
ತೊಂಬತ್ತು.
ಸತ್ತವನಿಗೆ ನಲವತ್ತೇಳು.
ಸತ್ತ ಮೇಲೂ ಮಾತಾಡುವವನಿಗೆ ನಲವತ್ತೆಂಟು,
ಅಂಥವರು ಇಲ್ಲಿ ಬಹಳ ಮಂದಿ.
ಕನಸು ಬಿದ್ದರೆ ಹಾಸಿಗೆಯಿಂದೆದ್ದು ನೇರ ನನ್ನಂಗಡಿಗೆ ಬರುತ್ತಾರೆ,
ಮುಖ ತೊಳೆಯುವುದಿಲ್ಲ, ತೊಳೆದರೆ ನಂಬರು ಅಳಿಸಿಹೋಗುತ್ತದಂತೆ.
ನಾನು ಒತ್ತುತ್ತೇನೆ. ಯಂತ್ರ ಕಿರ್ರೆಂದು ಚೀಟಿ ಉಗುಳುತ್ತದೆ.
ಒಂದು ಯೂರೋ.

ಬೋರ್ಡಿನ ಮೇಲೆ ಉಪ್ಪು, ತಂಬಾಕು ಎಂದಿದೆ.
ಉಪ್ಪು ಮಾರುವುದು ನನ್ನಪ್ಪನ ಕಾಲಕ್ಕೇ ಮುಗಿಯಿತು.
ಬೋರ್ಡು ಇಳಿಸಲು ಹೋಗಿಲ್ಲ. ಗೋಡೆಯಲ್ಲಿ ಬಿರುಕಿದೆ,
ಮೊಳೆ ಕಿತ್ತರೆ ಏನೇನು ಜೊತೆಗೆ ಬರುತ್ತದೋ.

ಇಲ್ಲಿ ನೆಲ ಹುಳಿಬಂದ ಹಿಟ್ಟಿನ ಹಾಗೆ ಉಬ್ಬುತ್ತದೆ,
ತಿಂಗಳಿಗೆ ಒಂದು ಬೆರಳಷ್ಟು.
ಬಂದರಿನಲ್ಲಿ ದೋಣಿಗಳು ಕೆಸರಿನ ಮೇಲೆ ಕೂತುಬಿಟ್ಟಿವೆ.
ಕಡಲು ಹಿಂದೆ ಹೋಯಿತೇ ಎಂದು ಪ್ರವಾಸಿಗರು ಕೇಳುತ್ತಾರೆ.
ಕಡಲು ಇದ್ದಲ್ಲೇ ಇದೆ. ಎದ್ದು ನಿಂತದ್ದು ನಾವು.

ಎರಡನೇ ಮಹಡಿಯ ಫೋರ್ತೂನಾ, ಹೆಸರೇ ಅದೃಷ್ಟ,
ಬಾಗಿಲ ಬಳಿ ಚೀಲ ಕಟ್ಟಿಟ್ಟಿದ್ದಾಳೆ:
ಟಾರ್ಚು, ಬಿಸ್ಕತ್ತು, ಮನೆಪತ್ರ, ಮಗುವಿನ ಲಸಿಕೆ ಕಾರ್ಡು.
ಅದೇ ವಾರ ಹೊಸ ಪರದೆ ಕೊಂಡಳು, ನಿಂಬೆ ಬಣ್ಣದ್ದು, ಕಂತಿನಲ್ಲಿ.
ಬಿಟ್ಟು ಓಡುವ ಮನೆಗೆ ಪರದೆ ಯಾಕೆ ಎಂದರೆ
ಓಡುವ ತನಕ ಇರುವುದು ಇಲ್ಲೇ ತಾನೆ, ಎನ್ನುತ್ತಾಳೆ.
ಅವಳ ಗಂಡ ಬ್ಯಾಜೊ ದೇವರಿಲ್ಲ ಅನ್ನುವವನು.
ನೆಲ ಗುಡುಗಿದಾಗ ಅವನ ಕೈ ತಾನಾಗಿ ಹಣೆಗೆ ಹೋಗುತ್ತದೆ,
ಎದೆಗೆ, ಒಂದು ಭುಜಕ್ಕೆ, ಇನ್ನೊಂದಕ್ಕೆ.
ಪಕ್ಷದ ಸಭೆಗೆ ಆ ಕೈ ಬಂದಿರಲಿಲ್ಲವೇನೋ.

ಮೂರನೇ ಮಹಡಿಯಲ್ಲಿ ಒಲಿಂಪಿಯಾ,
ಗಾಸ್ಪರೆಯ ಹೆಂಡತಿ. ಈಗಲೂ ಹೀಗೇ ಹೇಳುತ್ತೇವೆ,
ಗಾಸ್ಪರೆ ಹೋಗಿ ಹನ್ನೊಂದು ವರ್ಷವಾದರೂ.
ಪ್ರತಿ ಗುರುವಾರ ಬಂದು ನಲವತ್ತೆಂಟು ಎನ್ನುತ್ತಾಳೆ.
ಏನಂದ ಕನಸಲ್ಲಿ?
ಬಲೆ ಎಲ್ಲಿಟ್ಟೆ ಅಂತ ಕೇಳಿದ.
ಉಳಿದ ಚಿಲ್ಲರೆ ಸಂತ ಪ್ರೊಕೊಲೊನ ಡಬ್ಬಿಗೆ.
ಮೂವತ್ತು ವರ್ಷದಿಂದ ಅವಳ ಬೆರಳು ಚಿಲ್ಲರೆ ಎಣಿಸುವುದನ್ನು
ನೋಡುತ್ತಿದ್ದೇನೆ.
ಬೇರೇನೂ ನೋಡಿಲ್ಲ ಎಂದು ಪಾದ್ರಿಗೆ ಹೇಳಿದ್ದೇನೆ.

ಮೊನ್ನೆ ಬುಧವಾರ ರಾತ್ರಿ, ಒಂದೂವರೆಗೆ,
ಮೊದಲು ನಾಯಿಗಳು ಸುಮ್ಮನಾದವು.
ಆಮೇಲೆ ಕಪಾಟಿನ ಗಾಜುಗಳೆಲ್ಲ ಹಲ್ಲು ಕಡಿದವು.
ದೀಪ ಹೋಯಿತು.
ನನ್ನ ಮನೆ ಅಂಗಡಿಯ ಮೇಲೇ,
ಬೀದಿಗೆ ಹದಿನಾಲ್ಕು ಮೆಟ್ಟಿಲು.
ಎಲ್ಲರೂ ಜೀವ ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು,
ಫೋರ್ತೂನಾ ಮಗುವನ್ನೂ ಪರದೆಯನ್ನೂ ಎದೆಗವಚಿ, ಚೀಲ ಮರೆತು.
ನನ್ನ ಕಾಲು ಮಾತ್ರ
ನನ್ನನ್ನು ಕೇಳದೆ ಮೇಲೆ ಹತ್ತಿತು.
ಅರವತ್ತೇಳರ ಮಂಡಿ. ತಲೆ ಮೇಲೆ ಸುಣ್ಣ ಉದುರುತ್ತಿತ್ತು.

ಒಲಿಂಪಿಯಾ ಬಾಗಿಲು ತೆರೆದಳು.
ರಾತ್ರಿಯಂಗಿಯ ಮೇಲೆ ಗಾಸ್ಪರೆಯ ಕೋಟು,
ಕಾಲಿಗೆ ಒಂದೇ ಚಪ್ಪಲಿ.
"ಎರಾಸ್ಮೋ, ನೀನ್ಯಾಕೆ ಬಂದೆ?"
ಉತ್ತರ ಹುಡುಕಿದೆ. ನೆಲ ಇನ್ನೂ ನಿಂತಿರಲಿಲ್ಲ.
"ಅಂಗಡಿಗೆ ಬೀಗ ಹಾಕಿದ್ದೀಯಾ?"
ಹಾಕಿದ್ದೇನೆ, ಎಂದೆ.
ಇಳಿಯುವಾಗ ಗೋಡೆ ಹಿಡಿಯಲು ಹೋದವಳು
ನನ್ನ ತೋಳು ಹಿಡಿದಳು,
ಗೋಡೆಯೆಂದೇ ಹಿಡಿದಳೋ ಏನೋ.

ಬೆಳಗ್ಗೆ ಸಾಲು ಮೀನುಪೇಟೆಯ ತನಕ.
ಎಲ್ಲರಿಗೂ ತೊಂಬತ್ತೇ ಬೇಕು.
ಯಂತ್ರದ ಕಾಗದ ಎರಡು ಸಲ ಮುಗಿಯಿತು.
ಬ್ಯಾಜೊ ಕೂಡ ಬಂದ, ಹೆಂಡತಿಗೆ ಅಂತ ಕೊಂಡ.
ಕೊನೆಗೆ ಒಲಿಂಪಿಯಾ. ಮುಖ ತೊಳೆದುಕೊಂಡು ಬಂದಿದ್ದಳು.
"ತೊಂಬತ್ತು," ಎಂದಳು. "ಮತ್ತೆ,
ಮನೆ ಬೀಳುವಾಗ ಮೆಟ್ಟಿಲು ಹತ್ತಿ ಬರುವ ಮುದುಕನಿಗೆ
ನಿನ್ನ ಪುಸ್ತಕದಲ್ಲಿ ಯಾವ ನಂಬರು?"
ಹಾಳೆ ತಿರುವಿದೆ. ಕೈಗೇನಾದರೂ ಕೆಲಸ ಬೇಕಿತ್ತು.
ಇಲ್ಲ, ಎಂದೆ.
"ಹಾಗಾದರೆ ಇಪ್ಪತ್ತೆರಡು ಒತ್ತು."
ಇಪ್ಪತ್ತೆರಡು ಹುಚ್ಚನದು.

ನಲವತ್ತೆಂಟು ಅವಳು ಕೇಳಲಿಲ್ಲ. ನಾನು ನೆನಪಿಸಲಿಲ್ಲ.
ಚೀಟಿ ಬರುವಾಗ ಕೌಂಟರಿನ ಮೇಲಿನ ಕಾಫಿ ಕಪ್ಪು
ತಟ್ಟೆಯಲ್ಲಿ ಒಮ್ಮೆ ಕಟಕಟ ಅಂದಿತು.
ಇಬ್ಬರೂ ಕಪ್ಪನ್ನೇ ನೋಡಿದೆವು.
ಆಮೇಲೆ ಅವಳು ಚಿಲ್ಲರೆ ಎಣಿಸಿದಳು.
ಐದು ಸೆಂಟು ಕಡಿಮೆಯಿತ್ತು.