ಇಪ್ಪತ್ತು ನಿಮಿಷ

ಐ.ಜಿ. ರಸ್ತೆಯ ಚಪ್ಪಲಿ ಅಂಗಡಿ ಮೇಲೆ
ಹಸಿರು ಪರದೆ ಹಿಂದೆ ಬೋರಲು ಮಲಗಿದ್ದೆ.
ನಾಲಿಗೆ ನೋಡಿ, ಮೂರು ಬೆರಳಿಟ್ಟು ನಾಡಿ ಕೇಳಿ
ಡಾಕ್ಟರಮ್ಮ ಸೂಜಿ ಇಳಿಸಿದ್ದು
ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತಾರು ವರ್ಷ
ಕರಿಬೀಜ ಆರಿಸಿದ ಹೆಬ್ಬೆರಳ ಬುಡಕ್ಕೇ.

‘ನೋವಾಯ್ತಾ, ಫಿಲೋಮಿನಾ?’
ಇಲ್ಲ. ಇರುವೆ ಹರಿದ ಹಾಗೆ.
‘ಅಲುಗಬೇಡ, ಇಪ್ಪತ್ತು ನಿಮಿಷ.’
ಹಾಡಹಗಲೇ ಸುಮ್ಮನೆ ಬಿದ್ದಿರು ಅಂತ
ಯಾರೂ ನನಗೆ ಹೇಳಿದ್ದಿಲ್ಲ.
ಮೇಸ್ತ್ರಿ ಕೇಳಿದರೆ ನಕ್ಕಾನು.

ಬೆನ್ನ ಮೇಲೆ ಗಾಜಿನ ಬಟ್ಟಲುಗಳು
ಉಸಿರೆಳೆದು ಕಚ್ಚಿ ಕೂತವು.
ಚೀನಾದವರ ಲೆಕ್ಕದಲ್ಲಿ
ದುಃಖ ಇರುವುದು ಶ್ವಾಸಕೋಶದಲ್ಲಂತೆ.
ನನ್ನದು ಭುಜಕ್ಕೆ ಯಾವಾಗ ಬಂತೋ,
ಕೇಳಲಿಲ್ಲ.

ರಾತ್ರಿ ರವಿಕೆ ಬಿಚ್ಚಿದಾಗ
ತಂಗಿ ಹೌಹಾರಿದಳು: ‘ಯಾರಕ್ಕಾ ಹೊಡೆದದ್ದು?’
ಒಂದೊಂದೇ ಮುಟ್ಟಿ ಎಣಿಸಿದಳು.
ಏಳು. ಹಣ್ಣು ಕಾಫಿಯ ಬಣ್ಣ.
‘ಕರಿದೊಂದು ಇದ್ದರೆ
ಆರಿಸಿ ಬಿಸಾಕು’ ಅಂದೆ.