ಬಾಬ್ತು: ಕಳೆ ಕಿತ್ತದ್ದು

ಜೂನ್ ಇಪ್ಪತ್ತೇಳು, ಮುಲುಂಡ್ ಪೂರ್ವ.
ಸೊಸೈಟಿಯ ಖರ್ಚಿನ ಪುಸ್ತಕದಲ್ಲಿ ನನ್ನದೇ ಅಕ್ಷರ:
ಕಾಂಪೌಂಡಿನ ಕಳೆ ಕಿತ್ತದ್ದಕ್ಕೆ, ಇಬ್ಬರಾಳು,
ಸಾವಿರದ ಆರುನೂರು.
ವೋಚರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ.
ಖಜಾಂಚಿ ಅಂದಮೇಲೆ ಲೆಕ್ಕ ಲೆಕ್ಕವೇ.

ಮರುದಿನ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ
ಕಸಾರಾ ಕಡೆಯಿಂದ ನಸುಕಿನ ಗಾಡಿಗೆ ಬಂದ ಚಂಗುಣಾ
ನೀಲಿ ಪ್ಲಾಸ್ಟಿಕ್ಕು ಹಾಸಿ ಕೂತಿದ್ದಳು.
ತೇಗದೆಲೆಯ ಮೇಲೆ, ಬೇರಿನ ಮಣ್ಣು ಇನ್ನೂ ಒದ್ದೆ,
ಅದೇ ಕಳೆ.
ಕಟ್ಟಿಗೆ ಹದಿನೈದು ರೂಪಾಯಿ.

"ಟಾಕಳಾ," ಅಂದಳು, ತಲೆಯೆತ್ತದೆ.
ಅಮ್ಮ ಇದ್ದಿದ್ದರೆ "ತಜಂಕ್!" ಅಂತ
ಹೋಗುವವರ ಕಾಲ ನಡುವೆಯೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು.
ಮೂರನೇ ಮಹಡಿಯ ಫಿಲೊಮಿನಾಗೆ ಇದು ತಾಯ್ಕಿಳೊ.
ರಾತ್ರಿಶಾಲೆಯ ಮಾಸ್ತರರು ಚಗಟೆ ಅಂತ
ಕಾಪಿಯಲ್ಲಿ ಹತ್ತು ಸಲ ಬರೆಸಿದ್ದರು.
ನಾಲ್ಕು ಹೆಸರು ಗೊತ್ತಿದ್ದೂ
ನಾನು ಪುಸ್ತಕದಲ್ಲಿ ಬರೆದದ್ದು ಐದನೆಯದು.

ವಸಂತ ಈ ಊರಿಗೆ ಕ್ಯಾಲೆಂಡರಿನಲ್ಲಷ್ಟೇ ಬರುತ್ತದೆ,
ಬೆವರೊರೆಸಿಕೊಳ್ಳುತ್ತ ಬಂದು, ಬೆವರೊರೆಸಿಕೊಳ್ಳುತ್ತ ಹೋಗುತ್ತದೆ.
ನಮಗೆ ಹೊಸ ವರ್ಷ ಅಂದರೆ
ಮೊದಲ ಮಳೆ ಬಿದ್ದ ಹತ್ತನೇ ದಿನ,
ಕುರ್ಲಾದ ಹಳಿ ಪಕ್ಕದ ಜಲ್ಲಿಯಲ್ಲಿ
ಮಗುವಿನ ಉಗುರಿನಂಥ ಎಲೆ.
ಅಮ್ಮ ಆರರೊಳಗೆ ಹೋಗಿ ಸೆರಗು ತುಂಬಿಸಿ ಬರುತ್ತಿದ್ದಳು.
ಚಿವುಟಬೇಕು, ಕೀಳಬಾರದು.
ಎರಡೇ ವಾರ, ಆಮೇಲೆ ಕಮಟು,
ಹಳದಿ ಹೂ ಬಿಟ್ಟಮೇಲಂತೂ ಯಾರಿಗೂ ಬೇಡ.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ,
ಗಾದೆ ಕಟ್ಟಿದವನ ಆಡು
ಕುರ್ಲಾಕ್ಕೆ ಬಂದಿರಲಿಲ್ಲ.

ಲೋಕಲ್ಲಿನ ನೂಕಾಟ, ಜುಲೈಯಿಡೀ ಒಣಗದ ಪ್ಯಾಂಟು:
ಅಪ್ಪನ ಸೊಂಟದ ಸುತ್ತ ಹುಳುಕಡ್ಡಿ.
ಅಮ್ಮ ಬೀಜವನ್ನು ಲಿಂಬೆರಸದಲ್ಲಿ ಅರೆದು ಹಚ್ಚುವಳು.
ಕ್ಯಾಂಟೀನಿನಲ್ಲಿ ಎಂಟು ಜನರ ಮೇಲೆ ದರ್ಬಾರು ಮಾಡುವ ಮನುಷ್ಯ
ಚಾಳಿನ ಓಣಿಯಲ್ಲಿ ಲುಂಗಿ ಎತ್ತಿಹಿಡಿದು
ಒಂಟಿಕಾಲಲ್ಲಿ ಕುಣಿಯುವುದನ್ನು
ನಾವು ಬಾಗಿಲ ಸಂದಿಯಿಂದ ನೋಡಿದ್ದೇವೆ.
ವಾಸಿಯಾಯಿತು, ಹೌದು. ಗಣಪತಿ ಮುಗಿದ ಮೇಲೆ.
ಬೀಜದಿಂದಲೋ ಬಿಸಿಲಿನಿಂದಲೋ
ಅಂತ ಕೇಳುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

ಕಾಫಿಪುಡಿ ತೀರಿದ ತಿಂಗಳು ಅದೇ ಬೀಜ
ಬಾಣಲೆಯಲ್ಲಿ ಕಪ್ಪಗೆ ಹುರಿದು, ಕುಟ್ಟಿ, ಸೋಸಿ
ಹಬೆಯಾಡುವ ಲೋಟ ಅಪ್ಪನ ಮುಂದೆ.
ಅಪ್ಪ ಏನೂ ಅನ್ನದೆ ಕುಡಿದರು.
ಅಷ್ಟು ಜೋರಾಗಿ ಅವರು
ಎಂದೂ ದೂರಿದ್ದಿಲ್ಲ.

"ಒಮ್ಮೆ ಕುದಿಸಿ ಹಿಂಡಬೇಕು ತಾಯಿ,
ಬೆಳ್ಳುಳ್ಳಿ ಜಾಸ್ತಿ, ಖಾರ ಕಮ್ಮಿ," ಅಂದಳು ಚಂಗುಣಾ.
ನಮ್ಮಲ್ಲಿ ಹಲಸಿನ ಬೀಜ ಹಾಕುತ್ತೇವೆ ಅಂದೆ.
ಆಗ ತಲೆಯೆತ್ತಿದಳು.
"ನಮ್ಮಲ್ಲೂ," ಅಂದು
ಕೇಳದೆಯೇ ಒಂದು ಹಿಡಿ ಮೇಲಿಂದ ಹಾಕಿದಳು.
ಎರಡು ಕಟ್ಟು ಕೊಂಡೆ. ನನ್ನ ಸ್ವಂತ ದುಡ್ಡು.

ಆ ರಾತ್ರಿ ಗಂಜಿಯ ಜೊತೆ
ನಾಲಿಗೆಯ ಬುಡದಲ್ಲಿ ಒಂದು ಕಹಿ
ಬಂದು, ನಿಂತು, ಸಿಹಿಯಾಗದೆ, ಹೊರಟುಹೋಯಿತು.
ಮತ್ತೆ ಬಡಿಸಿಕೊಂಡೆ.

ಜುಲೈಯಲ್ಲಿ ವಾಚ್‌ಮನ್ ರಾಮಸೂರತ್ ಬಂದ.
ಪಂಪ್ ಮನೆಯ ಹಿಂದೆ ಮತ್ತೆ ಎದ್ದಿದೆ ಮೇಡಂ, ದವಾ ಹೊಡೆಸಲೇ?
ಕೊಡೆ ಹಿಡಿದು ಹೋಗಿ ನೋಡಿದೆ.
ಕತ್ತಲಾಗುತ್ತಿತ್ತು. ಎಲೆಗಳು ಆಗಲೇ
ಜೋಡಿ ಜೋಡಿಯಾಗಿ ಮಡಚಿಕೊಂಡು ಮಲಗಿದ್ದವು,
ತುಂತುರಿಗೆ ಒಂದಿಷ್ಟು ಅಲುಗುತ್ತ.
ದವಾಕ್ಕೆ ದವಾ ಹೊಡೆಯುತ್ತಾರೇನಯ್ಯಾ, ಅಂದೆ.
ಅವನಿಗೆ ತಿಳಿಯಲಿಲ್ಲ.
ಬೆಳಿಗ್ಗೆ ಆರಕ್ಕೆ ಚೀಲ ಹಿಡಿದು ಬರುತ್ತೇನೆ,
ಅಲ್ಲೀವರೆಗೆ ಯಾರೂ ತುಳಿಯದ ಹಾಗೆ ನೋಡಿಕೊ.

ಯಾವ ಬಾಬ್ತಿಗೆ ಅಂತ ಅವನು ಕೇಳಲಿಲ್ಲ.