ಅರವತ್ತಾರು ಕಿಲೋದ ಮೂಟೆ

ಅರವತ್ತೈದು ಕಿಲೋ ಐನೂರ ಮೂವತ್ತೈದು ಗ್ರಾಮಿನ ತನಕ
ಆ ತಕ್ಕಡಿ ಸತ್ಯವಂತ.
ಅದರ ಮೇಲೆ ಒಂದು ಗ್ರಾಮು ಬಿದ್ದರೆ
ಏನೂ ನೋಡೇ ಇಲ್ಲವೆಂಬಂತೆ
ಸೊನ್ನೆಗೆ ಬಂದು ಕೂಡುತ್ತದೆ.

ಆದವಾನಿಯ ಯಾರ್ಡಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.
ಸಿಪ್ಪೆ ಶೇಂಗಾದ ಮೂಟೆ ನಲವತ್ತು ದಾಟಿದ್ದುಂಟೇ?
ಆವತ್ತು ಬಂದದ್ದು ಒಡೆದ ಬೀಜ.
ಉರುಕುಂದಪ್ಪ ಬೆನ್ನಿಂದ ಇಳಿಸಿದ ಅರವತ್ತಾರು ಕಿಲೋ
ಕೆಂಪು ಅಂಕಿಯಲ್ಲಿ ತೂಗಿತು
ನಾನೂರ ಅರವತ್ತನಾಲ್ಕು ಗ್ರಾಮು.
ಹಮಾಲರು ಬಿದ್ದು ಬಿದ್ದು ನಕ್ಕರು:
"ಲೇ, ಮತ್ತೆ ನಿನ್ನ ಬೆನ್ನು ಯಾಕ ಬಗ್ಗಿತ್ತು?"
ಗುಮಾಸ್ತ ಪಂಪನಗೌಡ ಮಾತ್ರ ನಗಲಿಲ್ಲ,
ನನಗೆ ಫೋನು ಹಚ್ಚಿದ.

ನಾನು ತಕ್ಕಡಿ ರಿಪೇರಿಯವಳು.
ಅಪ್ಪ ಸವೆದ ಬಟ್ಟುಗಳ ಹೊಟ್ಟೆಗೆ ಸೀಸ ಕಾಯಿಸಿ ಹೊಯ್ಯುತ್ತಿದ್ದ.
ನಾನು ಚಿಪ್ಪು ಕೀಳುತ್ತೇನೆ, ಬೇರೆ ಚಿಪ್ಪು ಕೂಡಿಸುತ್ತೇನೆ.
ಸುಟ್ಟ ವಾಸನೆ ಇಬ್ಬರದೂ ಒಂದೇ.

ಚಿಪ್ಪು ಒಂದು ಉಸಿರಿಗೆ ಎತ್ತಬಲ್ಲ ಹೊರೆಗೆ
ವರ್ಡ್ ಅನ್ನುತ್ತಾರೆ. ಮಾತು.
ಮಾತೊಂದು ಎಷ್ಟು ದೊಡ್ಡದು ಅಂತ ಮಾತ್ರ ಕೇಳಬಾರದು,
ಯಾರ ಮಾತು ಅಂತ ಮೊದಲು ಕೇಳಬೇಕು.
ಈ ಹಳೆಯದಕ್ಕೆ ಎರಡು ಬೈಟು,
ನನ್ನ ಚೀಲದಲ್ಲಿರುವ ಹೊಸದಕ್ಕೆ ನಾಲ್ಕು,
ಗೌಡನ ಮೇಜಿನ ಕಂಪ್ಯೂಟರಿಗೆ ಎಂಟು.
ಅಜ್ಜಿಯ ಕಾಲದ ಸೇರೂ ಹೀಗೇ ಇತ್ತಂತೆ,
ಹಗರಿ ದಾಟಿ ಸಿರುಗುಪ್ಪೆಗೆ ಹೋಗುವಷ್ಟರಲ್ಲಿ
ಅರ್ಧ ಪಾವು ಬೆಳೆದಿರುತ್ತಿತ್ತು,
ಹೆಸರು ಮಾತ್ರ ಸೇರೇ.

ಎರಡು ಬೈಟಿನ ಬಾಯಿಗೆ
ಅರವತ್ತಾರು ಸಾವಿರ ಗ್ರಾಮು ಹಿಡಿಸಲಿಲ್ಲ, ಅಷ್ಟೇ.
ತುಂಬಿತು, ಚೆಲ್ಲಿತು, ಉಳಿದದ್ದನ್ನು ತೋರಿಸಿತು.
ಹೊಸ ಚಿಪ್ಪು ಹಾಕಿದೆ.
ಉರುಕುಂದಪ್ಪನನ್ನೇ ಹತ್ತಿಸಿ, ಅವನ ತಲೆ ಮೇಲೆ
ಮೂಟೆ ಹೊರಿಸಿ ನೋಡಿದೆವು. ಸರಿಯಿತ್ತು.
ಬಿಲ್ಲು ಬರೆದು ಮನೆಗೆ ಬಂದು
ರೊಟ್ಟಿ ಉಂಡು ಮಲಗಿದೆ.

ತಪ್ಪು ಮೂರನೇ ದಿನ ಸಿಕ್ಕಿತು.

ತಕ್ಕಡಿಯ ನೆನಪು ಒಂದು ಕಿಲೋಬೈಟು.
ಈ ಕಿಲೋ ಸಾವಿರವಲ್ಲ, ಸಾವಿರದ ಇಪ್ಪತ್ತನಾಲ್ಕು,
ಮೇಲಿನದು ಕೊಸರು ಅನ್ನಿ.
ಎರಡರಂತೆ ಇಟ್ಟರೆ ಐನೂರ ಹನ್ನೆರಡು ಮೂಟೆ.
ನಾಲ್ಕರಂತೆ ಇಟ್ಟರೆ?
ನಾನು ಆ ಲೆಕ್ಕ ಮಾಡಿರಲಿಲ್ಲ.
ಇನ್ನೂರ ಐವತ್ತಾರು.
ಅವತ್ತು ಬಂದದ್ದು ಮುನ್ನೂರು.
ಇನ್ನೂರ ಐವತ್ತೇಳನೆಯದು ಮೊದಲನೆಯದರ ಮೇಲೆ ಕೂತಿತು,
ಹಾಗೇ ಒಂದೊಂದಾಗಿ
ಬೆಳಗಿನ ನಲವತ್ತನಾಲ್ಕು ಮೂಟೆ
ಹೊತ್ತೇ ಇಲ್ಲ ಎಂದಾಯಿತು.
ಮೂಟೆಗೆ ಎಂಟು ರೂಪಾಯಿ ಕೂಲಿ.

ಗೌಡ ಚೀಟಿ ತೋರಿಸಿದ. ಹುಲಿಗೆಮ್ಮ ಗೋಡೆ ತೋರಿಸಿದಳು.
ಚೀಲ ಹೊಲಿಯುತ್ತ ಕೂತಲ್ಲೇ ಅವಳು
ಮೂಟೆಗೊಂದು ಇದ್ದಲ ಗೆರೆ ಎಳೆದಿದ್ದಳು,
ನಾಲ್ಕು ನಿಂತ ಗೆರೆ, ಅಡ್ಡ ಒಂದು,
ಅಂಥ ಅರವತ್ತು ಕಟ್ಟು.
ನಾನು ಎರಡು ಸಲ ಎಣಿಸಿದೆ.
"ನಿನ್ನ ಮಷಿನ್ನು ದೊಡ್ಡ ಮಾತು ಕಲಿತು
ಸಣ್ಣ ಲೆಕ್ಕ ಮರೀತು ನೋಡವ್ವ" ಅಂದಳು.
ಗೌಡ ಬಹಳ ಹೊತ್ತು ಗೋಡೆ ನೋಡಿ
ಮುನ್ನೂರ ಐವತ್ತೆರಡು ರೂಪಾಯಿ ಎಣಿಸಿಟ್ಟ.
ಅದರಲ್ಲಿ ಅರ್ಧ ನನ್ನ ಬಿಲ್ಲಿನಿಂದ ಮುರಿದ.
ನಾನು ಸುಮ್ಮನಿದ್ದೆ.

ಈಗ ನಾಲ್ಕು ಕಿಲೋಬೈಟಿನ ನೆನಪು ತರಿಸಿ ಹಾಕಿದ್ದೇನೆ.
ಸಾವಿರದ ಇಪ್ಪತ್ತನಾಲ್ಕು ಮೂಟೆ. ಸಾಕು.
ಜಾಗ ಉಳಿದೀತೆಂದು ಒಂದು ಆಸೆಯಾಯಿತು:
ಮೊದಲ ಮೂಟೆಗೆ ಒಂದು ಎನ್ನುವ ಬದಲು
ಕಣದಲ್ಲಿ ಅಳೆಯುವವರ ಹಾಗೆ
ಲಾಭ ಎಂದು ತೋರಿಸಬೇಕು.
ಲೆಕ್ಕ ಹಾಕಿದೆ. ಲ ಮೂರು ಬೈಟು, ದೀರ್ಘಕ್ಕೆ ಮೂರು, ಭ ಮೂರು.
ಒಂಬತ್ತು. ಎರಡು ಮಾತು ತುಂಬಿ
ಒಂದು ಬೈಟು ಹೊರಗೆ ನಿಲ್ಲುತ್ತದೆ,
ಅದೊಂದಕ್ಕೆ ಮೂರನೇ ಮಾತು ತೆರೆಯಬೇಕು.

ಬೆಸುಗೆ ಕೋಲು ಹಿಡಿದು ಯೋಚಿಸುತ್ತಿದ್ದೆ.
ಉರುಕುಂದಪ್ಪ ಮೂಟೆ ಇಳಿಸಿ ಬೆವರು ಒರೆಸಿಕೊಂಡ.
"ಅದಕ್ಯಾಕ ಜಾಗ ಹಾಳು ಮಾಡ್ತೀ," ಅಂದ,
"ಅದೊಂದು ನಾವು ಬಾಯಿಲೆ ಅಂತೀವಿ ಬಿಡವ್ವ."